ನೂರು ಕುರ್ಚಿ, ಒಬ್ಬ ನಟ, ಕೊನೆಗೂ ಬಂದ ನಗು

ಸಾವಿನ ಮನೆಯಲ್ಲಿ ನಡೆಯುವ ನನ್ನ ಏಕವ್ಯಕ್ತಿ ನಾಟಕದ ಮೊದಲ ಶೋ ಮುಗಿದ ಮೇಲೆ ಹಿರಿಯ ನಿರ್ದೇಶಕರೊಬ್ಬರು ಗ್ರೀನ್ ರೂಮಿಗೆ ಬಂದರು. ನಾನಿನ್ನೂ ಬನಿಯನ್‌ನಲ್ಲೇ ಇದ್ದೆ. ಹೆಗಲ ಮೇಲೆ ಕೈ ಇಟ್ಟು ಹೇಳಿದರು: "ನೋಡಪ್ಪಾ, ಹೆಣ ಇರೋ ಮನೇಲಿ ನಮ್ಮ ಜನ ನಗಲ್ಲ. ನೀನು ತಿಪ್ಪರಲಾಗ ಹಾಕಿದ್ರೂ ನಗಲ್ಲ." ನಾನು ವಾದ ಮಾಡಲಿಲ್ಲ. ಮಾಡೋಕೆ ಮುಖ ಎಲ್ಲಿತ್ತು? 70 ನಿಮಿಷದ ನಾಟಕದಲ್ಲಿ ಎರಡೇ ಸಲ ನಗು ಬಂದಿತ್ತು. ಒಂದು, ನನ್ನ ತಮ್ಮ ನಕ್ಕಿದ್ದು. ಇನ್ನೊಂದು, ನನ್ನ ಪಂಚೆ ಕುರ್ಚಿಗೆ ಸಿಕ್ಕಿಕೊಂಡಾಗ.

ಅದೇ ನಾಟಕ ಈಗ ಸುಮಾರು 60 ಶೋ ದಾಟಿದೆ. ಎರಡೂವರೆ ವರ್ಷ ಹಿಡಿಯಿತು. ಈಗ ಮೊದಲ ಐದು ನಿಮಿಷದಲ್ಲಿ ನಗು ಬರಲಿಲ್ಲ ಅಂದರೆ ನನಗೆ ಜ್ವರ ಬಂದಿರಬೇಕು, ಇಲ್ಲವೇ ಮುಂದಿನ ಸಾಲಿನಲ್ಲಿ ಸೋಫಾ ಇರಬೇಕು. ಸೋಫಾ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಥೆ ಚಿಕ್ಕದು. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನೊಬ್ಬ. ಸಾವಿನ ಮನೆಗೆ 100 ಕುರ್ಚಿ ಇಳಿಸಿದ್ದಾನೆ. ಸಂಜೆ ಅದೇ 100 ಕುರ್ಚಿ ಒಂದು ರಿಸೆಪ್ಷನ್‌ಗೆ ಹೋಗಬೇಕು. ಅಮೆರಿಕದಿಂದ ದೊಡ್ಡ ಮಗ ಬರುವ ತನಕ ಹೆಣ ಎತ್ತುವ ಹಾಗಿಲ್ಲ, ವಿಮಾನ ಲೇಟು. ಇವನು ಕಾಯುತ್ತಾ, ಬಂದವರನ್ನು ಕೂರಿಸುತ್ತಾ, ಎದ್ದವರ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಾ ಎಣಿಸುತ್ತಾನೆ. 99 ಬರುತ್ತದೆ. ಮತ್ತೆ ಎಣಿಸುತ್ತಾನೆ. 99. ಸತ್ತವರು ಇವನಿಗೆ ಏನಾಗಬೇಕು ಅನ್ನುವುದು ಕೊನೆಯ ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಅದನ್ನು ಇಲ್ಲಿ ಹೇಳಲ್ಲ, ಬುಕಿಂಗ್ ಇನ್ನೂ ನಡೆಯುತ್ತಿದೆ.

ಮೊದಲ ಶೋಗೆ ಆದ ಖರ್ಚು ನೆನಪಿದ್ದಷ್ಟು ಬರೆಯುತ್ತೇನೆ. ಹಾಲ್‌ಗೆ 9 ಸಾವಿರ, ಲೈಟ್‌ಗೆ 6, ಒಂದು ಬಾಗಿಲ ಚೌಕಟ್ಟು ಮತ್ತು ಕಪ್ಪು ಪರದೆಗೆ 11, ಸಂಗೀತ ರೆಕಾರ್ಡಿಂಗ್‌ಗೆ 7, ಪೋಸ್ಟರ್‌ಗೆ 3, ಗಾಡಿ ಊಟ ಅಂತ 4. ಹತ್ತಿರ ಹತ್ತಿರ 40 ಸಾವಿರ. ಟಿಕೆಟ್ 150 ರೂಪಾಯಿ, ಮಾರಾಟ ಆಗಿದ್ದು 41. ಪಾಸ್‌ನಲ್ಲಿ ಬಂದವರು ಇನ್ನೊಂದು 20 ಜನ. ಬೇಗ ಎದ್ದು ಹೋದವರೂ ಅವರೇ ಅನ್ನಿ. ಹೆಂಡತಿಯ ಚೀಟಿ ದುಡ್ಡು ಅದರಲ್ಲಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ ಆಯಿತು.

ಎರಡನೇ ಶೋ ಇನ್ನೂ ಕೆಟ್ಟದು. ನಗು ಬರಲಿಲ್ಲ ಅಂತ ಜೋಕ್ ತುಂಬಿದೆ. ಅರ್ಚಕರ ಮಿಮಿಕ್ರಿ, ಅಮೆರಿಕದ ಮಗನ ಇಂಗ್ಲಿಷ್, ಸೋದರಮಾವನ ಗೊರಕೆ. ಜನ ನಕ್ಕರು, ಧಾರಾಳವಾಗಿ. ಕೊನೆಗೆ ಇವನು ಒಳಗೆ ಹೋಗಿ ಹೆಣದ ಮುಂದೆ ನಿಲ್ಲುತ್ತಾನಲ್ಲ, ಅಲ್ಲೂ ನಕ್ಕರು. ಆ ನಗು ಕೇಳಿ ನನಗೆ ಬೆವರು ಬಂತು. ಮೊದಲ ಶೋದ ಮೌನವೇ ವಾಸಿ ಅನಿಸಿತು. ಹೊರಗೆ ಬಂದವರೊಬ್ಬರು "ಸಾರ್, ಮಿಮಿಕ್ರಿ ಸೂಪರ್, ಬರ್ತ್‌ಡೇ ಪಾರ್ಟಿಗೆ ಬರ್ತೀರಾ?" ಅಂತ ಕೇಳಿದರು. ಎಷ್ಟು ಕೊಡ್ತೀರಿ ಅಂತ ಕೇಳಿದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ಶೋದಲ್ಲಿ ಜೋಕ್ ತೆಗೆದು ಶಹನಾಯಿ ಹಾಕಿದೆ. ಅದರ ಬಗ್ಗೆ ಬರೆಯೋದು ಬೇಡ.

ಆ ಹಿರಿಯರ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಜನ ನಗಲ್ವಾ? ಚಿಕ್ಕವನಿದ್ದಾಗ ಊರ ಜಾತ್ರೆಯಲ್ಲಿ ಹರಿಶ್ಚಂದ್ರ ನಾಟಕ ನೋಡಿದ್ದೆ. ರಾಜ್ಯ ಹೋಗಿದೆ, ಹೆಂಡತಿ ಮಗನನ್ನು ಮಾರಿಯಾಗಿದೆ, ಆದರೂ ಸಾಲ ವಸೂಲಿಗೆ ನಕ್ಷತ್ರಿಕ ಬೆನ್ನು ಬಿಡಲ್ಲ. ಬಿಸಿಲು ಅಂತಾನೆ, ಕಾಲು ನೋವು ಅಂತಾನೆ, ಹಸಿವು ಅಂತಾನೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅರ್ಧ ಗಂಟೆ ಆದಮೇಲೆ ಅದೇ ಜನ ಲೋಹಿತಾಶ್ವನ ಹೆಣ ನೋಡಿ ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದರು. ಮಗನ ಹೆಣ ಸುಡೋಕೆ ಅಪ್ಪನೇ ಹೆಂಡತಿ ಹತ್ತಿರ ಸುಂಕ ಕೇಳುವ ಕಥೆಯನ್ನು ತಲೆತಲಾಂತರದಿಂದ ನೋಡಿಕೊಂಡು ಬಂದವರು ನಾವು. ಸಾವಿನ ಮನೆಯ ಲೆಕ್ಕಾಚಾರ ನಮಗೆ ಹೊಸದಾ? ತಪ್ಪು ಜನರದ್ದಲ್ಲ, ನನ್ನದು ಅಂತ ಅಲ್ಲಿಗೆ ಖಾತ್ರಿಯಾಯಿತು. ನಕ್ಷತ್ರಿಕ ಜೋಕ್ ಹೇಳುವುದಿಲ್ಲ. ಅವನಿಗೆ ಕೆಲಸ ಇದೆ, ಆ ಕೆಲಸ ಮಾಡುತ್ತಾನೆ. ನನ್ನವನಿಗೂ ಕೆಲಸ ಇತ್ತು, ಕುರ್ಚಿ ಎಣಿಸೋದು. ಅದನ್ನು ಬಿಟ್ಟು ನಾನು ಮಿಮಿಕ್ರಿ ಮಾಡಿಸುತ್ತಿದ್ದೆ.

ನಾಲ್ಕನೇ ಶೋದಿಂದ ರೆಕಾರ್ಡ್ ಮಾಡೋಕೆ ಶುರು ಮಾಡಿದೆ. ನನ್ನನ್ನಲ್ಲ, ಜನರನ್ನು. ಹಳೆಯ ಎರಡು ಮೊಬೈಲ್, ಒಂದು ಮುಂದಿನ ಸಾಲಿನ ಕೆಳಗೆ, ಇನ್ನೊಂದು ಹಿಂದಿನ ಬಾಗಿಲ ಹತ್ತಿರ. ಮಾರನೇ ದಿನ ಇಯರ್‌ಫೋನ್ ಹಾಕಿಕೊಂಡು ಸ್ಕ್ರಿಪ್ಟ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು: ನಗುವಿಗೆ 'ನ', ಮೌನಕ್ಕೆ 'ಮೌ', ಕೆಮ್ಮಿಗೆ 'ಕೆ'. ಕೆಮ್ಮು ಬಹಳ ಪ್ರಾಮಾಣಿಕ ವಿಮರ್ಶಕ. ಚೆನ್ನಾಗಿತ್ತು ಅಂತ ಕೈ ಕುಲುಕುವವರು ಸುಳ್ಳು ಹೇಳಬಹುದು, ಕೆಮ್ಮು ಹೇಳಲ್ಲ. ನಾನು ಬಹಳ ಪ್ರೀತಿಯಿಂದ ಬರೆದಿದ್ದ ಒಂಬತ್ತು ನಿಮಿಷದ ತಂದೆ-ಮಗನ ಸ್ವಗತದಲ್ಲಿ 14 ಕೆಮ್ಮು ಲೆಕ್ಕ ಸಿಕ್ಕಿತು. ಚಳಿಗಾಲ ಅಂತ ಸಮಾಧಾನ ಮಾಡಿಕೊಂಡೆ. ಏಪ್ರಿಲ್‌ನಲ್ಲಿ ಮಾಡಿದಾಗಲೂ ಅಷ್ಟೇ ಕೆಮ್ಮು.

ಹಿಂದಿನ ಮೊಬೈಲ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಜನ ನಗುತ್ತಿದ್ದರು! ಮೂಗಿನಲ್ಲಿ. ಹೊರಗೆ ಬರುವ ಮುಂಚೆ ಅದನ್ನು ನುಂಗುತ್ತಿದ್ದರು. ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ. ಕತ್ತಲಲ್ಲಿ ಪಕ್ಕದವರ ಮುಖ ಕಾಣಲ್ಲ, ಅದಕ್ಕೇ ಧೈರ್ಯ ಇಲ್ಲ. ನಾವೆಲ್ಲ ಕತ್ತಲಿದ್ದರೆ ಜನ ಸಂಕೋಚ ಬಿಡುತ್ತಾರೆ ಅಂದುಕೊಂಡಿದ್ದೇವೆ ಅಲ್ವಾ? ಪ್ರೇಮದ ನಾಟಕಕ್ಕೆ ಇರಬಹುದು. ಸಾವಿನ ನಾಟಕಕ್ಕೆ ಉಲ್ಟಾ.

ಅಲ್ಲಿಂದ ಎಲ್ಲ ಬದಲಾಯಿತು. ಪರದೆ, ಚೌಕಟ್ಟು, ಸ್ಪಾಟ್ ಎಲ್ಲ ಅಟ್ಟಕ್ಕೆ. ಸ್ಟೇಜ್ ಬಿಟ್ಟೆ. ಕಲ್ಯಾಣ ಮಂಟಪದ ಊಟದ ಹಾಲ್, ಶಾಲೆಯ ಅಂಗಳ, ಮನೆಯ ಟೆರೇಸ್, ಎಲ್ಲಾದರೂ ಸರಿ. ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ. ಆಯಾ ಊರಿನ ಶಾಮಿಯಾನ ಅಂಗಡಿಯಿಂದಲೇ 100 ಪ್ಲಾಸ್ಟಿಕ್ ಕುರ್ಚಿ ತರಿಸುತ್ತೇವೆ. ಒಂದಕ್ಕೆ 8 ರೂಪಾಯಿ, ಕೆಲವು ಕಡೆ 10, ಸಾಗಾಟ ಬೇರೆ. ಪ್ರೇಕ್ಷಕರು ಕೂರುವುದು ಅದರ ಮೇಲೇ. ಅವರೇ ಸಾವಿನ ಮನೆಗೆ ಬಂದ ಜನ. ನಾನು ಎಣಿಸುವುದು ಅವರು ಕೂತ ಕುರ್ಚಿಯನ್ನೇ. 11 ಸಾವಿರದ ಸೆಟ್ ಬದಲು ಸಾವಿರ ಚಿಲ್ಲರೆಯ ಸೆಟ್.

ಮೊದಲ ಸಲ ಹೀಗೆ ಮಾಡಿದ್ದು ಮೈಸೂರಿನ ಒಂದು ಟೆರೇಸ್ ಮೇಲೆ. 35 ಜನ ಇದ್ದರೇನೋ. ನಾನು ಶುರು ಮಾಡಿ ಎರಡು ನಿಮಿಷ ಆಗಿತ್ತು, ಒಬ್ಬರು ಹೆಲ್ಮೆಟ್ ಹಿಡಿದುಕೊಂಡು ತಡವಾಗಿ ಬಂದರು. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಟೈಮ್ ಆದಮೇಲೆ ಯಾರನ್ನೂ ಒಳಗೆ ಬಿಡಲ್ಲ. ಅಲ್ಲಿ ನಾಟಕ ನೋಡಿ ಬೆಳೆದ ನನಗೆ ತಡವಾಗಿ ಬರುವವರನ್ನು ಕಂಡರೆ ಉರಿ. ಆದರೆ ಅವತ್ತು ಪಾತ್ರ ನನಗಿಂತ ಮುಂಚೆ ಬಾಯಿಬಿಟ್ಟಿತು. ಅವರಿಗೊಂದು ಕುರ್ಚಿ ಹಾಕಿ, ಭುಜ ತಟ್ಟಿ, ಮೆಲ್ಲಗೆ ಅಂದೆ: "ಸ್ವಲ್ಪ ಮುಂಚೆ ಬಂದಿದ್ರೆ ಮಾತಾಡಿಸಬಹುದಿತ್ತು ಸಾರ್."

ಟೆರೇಸ್ ಸಿಡಿಯಿತು. ಹೆಲ್ಮೆಟ್ ಹಿಡಿದವರು ಗಾಬರಿಯಾಗಿ ನಿಜವಾಗಿಯೂ ಕೈ ಮುಗಿದರು. ಅದಕ್ಕೆ ಮತ್ತೊಂದು ಸಲ ನಗು. ಆಮೇಲಿನ ಒಂದು ಗಂಟೆ ನಾನು ಏನು ಮಾಡಿದರೂ ಜನ ನನ್ನ ಜೊತೆಗಿದ್ದರು. ಕೊನೆಯಲ್ಲಿ ಮೌನ ಬಂತು ನೋಡಿ, ಮೂರು ಮನೆ ಆಚೆಯ ಕುಕ್ಕರ್ ವಿಸಿಲ್ ಕೇಳಿಸಿತು. ರೆಕಾರ್ಡಿಂಗ್‌ನಲ್ಲಿ ಈಗಲೂ ಇದೆ.

ಈಗ ತಡವಾಗಿ ಬರುವವರಿಗೆ ಬಾಗಿಲು ತೆರೆದೇ ಇರುತ್ತದೆ. ಯಾರೂ ತಡವಾಗಿ ಬರದಿದ್ದರೆ ಏನು ಮಾಡುತ್ತೀರಿ ಅಂತ ಗೆಳೆಯರು ಕೇಳುತ್ತಾರೆ. ಅದು ನನ್ನ ಹೊಟ್ಟೆಪಾಡು, ಹೇಳಲ್ಲ. ಮೊಬೈಲ್ ರಿಂಗ್ ಆದರೂ ಸಿಟ್ಟು ಮಾಡಿಕೊಳ್ಳಲ್ಲ. "ಎತ್ತಿ ಸಾರ್, ಊರಿಂದ ಇರ್ಬೇಕು. ಎಷ್ಟು ಗಂಟೆಗೆ ಎತ್ತುತಾರೆ ಅಂತ ಕೇಳ್ತಿದಾರೆ." ಒಬ್ಬರು ನಿಜವಾಗಿಯೂ ಎತ್ತಿ, "ಇನ್ನೂ ಎತ್ತಿಲ್ವಂತೆ ಕಣೋ" ಅಂದರು. ಅಂಥ ಪ್ರೇಕ್ಷಕರಿಗೆ ಟಿಕೆಟ್ ದುಡ್ಡು ವಾಪಸ್ ಕೊಡಬೇಕು, ಕೊಡಲಿಲ್ಲ.

ಮೊದಲು ನಗುವವರು ಯಾರು ಅಂತಲೂ ಗಮನಿಸಿದ್ದೇನೆ. ಹೆಚ್ಚು ಕಡಿಮೆ ಎಲ್ಲ ಕಡೆ ಅರವತ್ತು ದಾಟಿದ ಹೆಂಗಸರು. ಅವರು ಎಷ್ಟು ಸಾವಿನ ಮನೆ ನೋಡಿಲ್ಲ! ಕಾಫಿಗೆ ಹಾಲು ಸಾಲಲಿಲ್ಲ, ಅತ್ತೆಯ ಓಲೆ ಯಾರು ತೆಗೆದಿಟ್ಟರು, ಈ ಮಾತೆಲ್ಲ ಅವರಿಗೆ ಗೊತ್ತು. ಗಂಡಸರು ಅಕ್ಕಪಕ್ಕ ನೋಡಿ ನಗುತ್ತಾರೆ. ಕಾಲೇಜು ಹುಡುಗರು ಎಲ್ಲದಕ್ಕೂ ನಗುತ್ತಾರೆ, ಅಟೆಂಡೆನ್ಸ್ ಇದೆಯಲ್ಲ. ಅದಕ್ಕೇ ವಯಸ್ಸಾದ ಹೆಂಗಸರನ್ನು ಹಿಂದೆ ಫ್ಯಾನ್ ಕೆಳಗೆ ಕೂರಿಸಲು ಬಿಡುವುದಿಲ್ಲ. ನಾನೇ ಕೈ ಹಿಡಿದು ಕರೆದುಕೊಂಡು ಬರುತ್ತೇನೆ. ಎಲ್ಲಿ ಕೂರಿಸುತ್ತೇನೆ ಅನ್ನುವುದೂ ಗುಟ್ಟು. ಮುಂದಿನ ಸಾಲು ಅಲ್ಲ, ಅಷ್ಟು ಹೇಳಬಲ್ಲೆ.

ಈಗ ಸೋಫಾ. ನಮ್ಮ ಸಂಘಟಕರಿಗೆ ಸೋಫಾ ಮೇಲೆ ಅದೇನು ಪ್ರೀತಿಯೋ! ಗಣ್ಯರಿಗೆ ಅಂತ ಮುಂದೆ ಎರಡು ಸೋಫಾ, ಟೀಪಾಯ್ ಮೇಲೆ ನೀರಿನ ಬಾಟಲಿ. ಗಣ್ಯರು ಉದ್ಘಾಟನೆ ಮಾಡಿ, ಶಾಲು ಹೊದ್ದು, ನಾಟಕಕ್ಕೆ ಶುಭ ಹಾರೈಸಿ ಹೊರಡುತ್ತಾರೆ. ಸೋಫಾ ಖಾಲಿ. ನನ್ನ ಮತ್ತು ಜನರ ನಡುವೆ ಆರಡಿ ಹಳ್ಳ. ನಗು ಅದನ್ನು ದಾಟಲ್ಲ. ಪೆನ್ಸಿಲ್ ಗುರುತು ತೆಗೆದು ನೋಡಿದರೆ, ಸೋಫಾ ಇದ್ದ ಐದಾರು ಶೋಗಳಲ್ಲಿ 'ನ' ಅರ್ಧಕ್ಕರ್ಧ ಕಡಿಮೆ. ಈಗ ಒಪ್ಪಂದದಲ್ಲೇ ಬರೆಯುತ್ತೇನೆ: ಸೋಫಾ ಇಲ್ಲ, ಭಾಷಣ ಐದು ನಿಮಿಷ. ಸೋಫಾ ನಿಲ್ಲಿಸಿದ್ದೇನೆ, ಭಾಷಣ ನಿಲ್ಲಿಸಲು ಆಗಿಲ್ಲ. ಒಂದು ಊರಿನಲ್ಲಿ ಆ ವಾರ ತೀರಿಹೋಗಿದ್ದ ಸ್ಥಳೀಯರೊಬ್ಬರಿಗೆ ನಾಟಕಕ್ಕೆ ಮುಂಚೆ ಒಂದು ನಿಮಿಷ ಮೌನ ಆಚರಿಸಿದರು. ಎಲ್ಲ ಎದ್ದು ನಿಂತರು. ಅದೇ ಹೊತ್ತಿಗೆ ನಾನು ಪಾತ್ರದಲ್ಲಿ ಒಳಗೆ ಬಂದು, ಜನ ಎದ್ದಿದ್ದಾರೆ ಅಂತ ಕುರ್ಚಿ ಪೇರಿಸಲು ಶುರು ಮಾಡಿಬಿಟ್ಟೆ. ಸತ್ಯವಾಗಿಯೂ ನನಗೆ ಗೊತ್ತಿರಲಿಲ್ಲ. ಕಾರ್ಯದರ್ಶಿ ಮುಖ ಕೆಂಪಾಯಿತು. ಹಿಂದಿನಿಂದ ಒಬ್ಬರು ಕಿಸಕ್ ಅಂದರು. ಮುಂದಿನ ಒಂದು ಗಂಟೆ ಯಾರಿಗೂ ನಗು ತಡೆಯಲು ಆಗಲಿಲ್ಲ. ಆ ಊರಿನವರು ನನ್ನನ್ನು ಮತ್ತೆ ಕರೆದಿಲ್ಲ.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ನಾಟಕಕ್ಕೆ ಮುಂಚೆ ಮಂಡಕ್ಕಿ ಕೊಟ್ಟೆವು: ಪೊಟ್ಟಣದ ಸದ್ದಿನಲ್ಲಿ ಹತ್ತು ನಿಮಿಷ ಹೋಯಿತು. ಕಾಫಿ ಕೊಟ್ಟೆವು: ಅದು ಕೆಲಸ ಮಾಡಿತು, ಆದರೆ ಸಕ್ಕರೆ ಕಡಿಮೆ ಇದ್ದಾಗ ಜಾಸ್ತಿ. ಸಾವಿನ ಮನೆಯ ಕಾಫಿ ಅಂತ ಅವರಿಗೇ ಹೊಳೆಯುತ್ತದೆ ಅಂತ ಕಾಣುತ್ತದೆ. ಬೆಳಿಗ್ಗೆ 11ಕ್ಕೆ ಒಂದು ಶೋ ಮಾಡಿದೆ, ಹಸಿದವರು ನಗಲ್ಲ. ಕುರ್ಚಿಗಳ ನಡುವೆ ಒಂದಡಿ ಜಾಗ ಬಿಟ್ಟೆ, ಆಮೇಲೆ ಮೊಣಕೈ ತಾಗುವಷ್ಟು ಹತ್ತಿರ ಹಾಕಿದೆ. ಮೊಣಕೈ ತಾಗಿದರೆ ನಗು ಹರಡುತ್ತದೆ. 100 ಕುರ್ಚಿಗೆ 40 ಜನ ಬಂದರೆ ಉಳಿದ 60 ಕುರ್ಚಿ ಮೊದಲೇ ಪೇರಿಸಿಬಿಡುತ್ತೇನೆ. ಖಾಲಿ ಕುರ್ಚಿಯ ಪಕ್ಕ ಕೂತವನು ನಗಲ್ಲ.

ಸ್ಕ್ರಿಪ್ಟ್ ರಿಪೇರಿ ಮಾಡಿದ್ದು ನಾನಲ್ಲ, ಜನ. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ನಡೆಸುತ್ತಿದ್ದ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕೂತು ಚರ್ಚೆ ಮಾಡುತ್ತಿದ್ದರಲ್ಲ, ಆ ಚಟ ನನಗೆ ಅಲ್ಲಿಂದಲೇ ಅಂಟಿದ್ದು. ನಾನು ಬೆಳಿಗ್ಗೆ ತನಕ ಕಾಯಲ್ಲ. ಶೋ ಮುಗಿದ ಮೇಲೆ ಕುರ್ಚಿ ಪೇರಿಸುತ್ತಾ ಮಾತಾಡಿಸುತ್ತೇನೆ. ವೇದಿಕೆ ಮೇಲೆ ಸಂವಾದ ಅಂತ ಕೂತರೆ ಜನ ಭಾಷಣ ಮಾಡುತ್ತಾರೆ. ಕೈಯಲ್ಲಿ ಕುರ್ಚಿ ಇದ್ದರೆ ನಿಜ ಹೇಳುತ್ತಾರೆ.

ಸಾಗರದಲ್ಲಿ ಶೋ ಇದ್ದಾಗ ಕುರ್ಚಿ ತಂದಿದ್ದ ಶಾಮಿಯಾನ ಅಂಗಡಿಯವರನ್ನೇ ಕೂರಿಸಿಕೊಂಡೆ. ಇಡೀ ನಾಟಕ ಅವರು ಒಂದು ಸಲವೂ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಎಲ್ಲಾ ಸರಿ ಇದೆ. ಆದ್ರೆ ಸಾವಿನ ಮನೆಗೆ ಹೋದ ಕುರ್ಚಿ ಮದುವೆಗೆ ಕಳಿಸೋ ಮುಂಚೆ ತೊಳೀಬೇಕಲ್ವಾ? ನಿಮ್ಮೋನು ತೊಳೆಯೋದೇ ಇಲ್ಲ" ಅಂದರು. ಎರಡು ವರ್ಷ ಆ ಪಾತ್ರ ಮಾಡಿದವನಿಗೆ ಅದು ಹೊಳೆದಿರಲಿಲ್ಲ! ಮಾರನೇ ಶೋಗೇ ಒಂದು ಬಕೆಟ್, ಒಂದು ಚಿಂದಿ ಬಟ್ಟೆ ಬಂತು. ಈಗ ಜನ ಕೂತಿರುವಾಗಲೇ ಅವರ ಕುರ್ಚಿಯ ಕಾಲು ಒರೆಸುತ್ತೇನೆ. "ಕಾಲು ಎತ್ತಿ ಮೇಡಂ, ಸಂಜೆ ರಿಸೆಪ್ಷನ್ ಇದೆ." ಆ ಬಕೆಟ್‌ಗೆ 180 ರೂಪಾಯಿ. ನಾಟಕಕ್ಕೆ ನಾನು ಹಾಕಿದ ದುಡ್ಡಿನಲ್ಲಿ ಅಷ್ಟು ಲಾಭ ತಂದದ್ದು ಬೇರೆ ಯಾವುದೂ ಇಲ್ಲ.

ಧಾರವಾಡದ ವಿಷಯ ಬೇರೆ. ನನ್ನ ಸ್ಕ್ರಿಪ್ಟ್‌ನಲ್ಲಿ ಹೆಣ ಒಳಗೆ ಚಾಪೆ ಮೇಲೆ ಮಲಗಿತ್ತು. 99 ಅಂತ ಮೂರನೇ ಸಲ ಎಣಿಸಿ, ತಲೆ ಕೆರೆದುಕೊಂಡು, "ಒಂದು ಕುರ್ಚಿ ಎಲ್ಲಿ ಹೋಯ್ತು?" ಅಂತ ಜನರ ಕಡೆ ತಿರುಗಿದೆ. ಎಲ್ಲ ಊರಲ್ಲೂ ಅಲ್ಲಿ ಸುಮ್ಮನಿರುತ್ತಾರೆ. ಧಾರವಾಡದಲ್ಲಿ ಮೂರನೇ ಸಾಲಿನಿಂದ ಒಬ್ಬ ಅಜ್ಜ, ಬಿಳಿ ಟೊಪ್ಪಿಗೆ, ಕೈಯಲ್ಲಿ ಕೋಲು, ಕೂತಲ್ಲೇ ಅಂದರು: "ಒಳಗ ನೋಡ್ರಿ. ನಮ್ಮ ಕಡೆ ಸತ್ತವರನ್ನ ಕೂಡ್ರಸ್ತೀವಿ. ಅವರಿಗೂ ಒಂದು ಕುರ್ಚಿ ಬೇಕಲ್ರೀ."

ಲಿಂಗಾಯತರಲ್ಲಿ ಶವವನ್ನು ಕೂರಿಸುತ್ತಾರೆ, ಕೂರಿಸಿದ ಹಾಗೇ ಸಮಾಧಿ ಮಾಡುತ್ತಾರೆ. ಹಳೇ ಮೈಸೂರಿನವನಾದ ನನಗೆ ಗೊತ್ತಿತ್ತು, ಆದರೆ ತಲೆಗೆ ಬಂದಿರಲಿಲ್ಲ. ಇಡೀ ಹಾಲ್ ನಕ್ಕಿತು. ನಗು ಮುಗಿಯುವ ಹೊತ್ತಿಗೆ ಎಲ್ಲರೂ ಒಳಗಿನ ಬಾಗಿಲ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಮುಂದಿನ ಡೈಲಾಗ್ ಮರೆತೇಹೋಯಿತು. ಮರೆತಿದ್ದು ಒಳ್ಳೆಯದೇ ಆಯಿತು, ಅದು ಆ 14 ಕೆಮ್ಮಿನ ಸ್ವಗತ. ಸುಮ್ಮನೆ ಬಾಗಿಲ ತನಕ ನಡೆದುಹೋಗಿ "ನೂರು" ಅಂದೆ. ಅಷ್ಟೇ. ಲೈಟ್ ಆರಿಸುವ ಹುಡುಗನಿಗೆ ಏನು ಮಾಡಬೇಕು ಅಂತ ಗೊತ್ತಾಗದೆ ಅವನೂ ಸುಮ್ಮನೆ ನಿಂತಿದ್ದ.

ಅದೇ ಈಗ ನಾಟಕದ ಕೊನೆ. ದಕ್ಷಿಣದ ಕಡೆ ಮಾಡುವಾಗ, ಸತ್ತವರು ಕುರ್ಚಿಯಲ್ಲಿ ಕೂತಲ್ಲೇ ಹೋದರು ಅಂತ ಮುಂಚೆ ಒಂದು ಮಾತು ಸೇರಿಸುತ್ತೇನೆ. ಹೋಗಲಿ, ಅರ್ಧ ಗುಟ್ಟು ಬಿಟ್ಟುಕೊಟ್ಟೆ. ಅಜ್ಜನಿಗೆ ಗೌರವಧನ ಅಂತ 500 ರೂಪಾಯಿ ಕೊಡಲು ಹೋದೆ. "ಕುರ್ಚಿ ಬಾಡಿಗಿ ಕೊಡ್ರಿ ಮೊದಲ" ಅಂದು ಹೊರಟುಹೋದರು.

ಎಲ್ಲ ನಗುವಿನ ಕಥೆಯೇ ಅಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲಿ ಇಪ್ಪತ್ತನೇ ನಿಮಿಷಕ್ಕೆ ಒಬ್ಬ ಹೆಣ್ಣುಮಗಳು ಎದ್ದು ಹೋದರು. ಅವರ ಕುರ್ಚಿ ನಾನು ಪಾತ್ರದಲ್ಲೇ ಎತ್ತಿ ಪೇರಿಸಿದೆ. ಜನ ನಕ್ಕರು. ಸ್ವಲ್ಪ ಹೊತ್ತಿಗೆ ಅವರು ವಾಪಸ್ ಬಂದು ಬಾಗಿಲ ಹತ್ತಿರ ನಿಂತೇ ನೋಡಿದರು. ತಂದೆ ಹೋಗಿ ಮೂರು ವಾರ ಆಗಿತ್ತಂತೆ, ಆಮೇಲೆ ಅಕ್ಕಪಕ್ಕದವರು ಹೇಳಿದರು. ಮುಗಿದ ಮೇಲೆ ನನ್ನ ಜೊತೆ ಮಾತಾಡಲಿಲ್ಲ. ಎಲ್ಲರೂ ಹೊರಟ ಮೇಲೆ ಒಂದೊಂದೇ ಕುರ್ಚಿ ತಂದು ಪೇರಿಸಿದರು. ಹತ್ತು ಹನ್ನೆರಡು ಇರಬಹುದು. ನಾನು ಎಣಿಸಲಿಲ್ಲ. ಅವತ್ತಿನಿಂದ ಬಾಗಿಲಲ್ಲೇ ಹೇಳುತ್ತೇವೆ, ಇದು ಸಾವಿನ ಮನೆಯ ನಾಟಕ, ಬೇಡ ಅನಿಸಿದರೆ ದುಡ್ಡು ವಾಪಸ್ ಅಂತ. ಒಂದು ಶೋಗೆ ಎರಡು ಮೂರು ಟಿಕೆಟ್ ಹೋಗುತ್ತದೆ. ಹೋಗಲಿ.

ದುಡ್ಡಿನ ಲೆಕ್ಕ ಮುಗಿಸಿಬಿಡುತ್ತೇನೆ. ಒಟ್ಟು ಸುಮಾರು ಒಂದೂಕಾಲು ಲಕ್ಷ ಕೈಯಿಂದ ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಮೊದಲ ಮೂರು ಶೋಗಳಲ್ಲಿ. 25ನೇ ಶೋ ಹೊತ್ತಿಗೆ ಸರಿಸಮ ಆಯಿತು. ಈಗ ಒಂದು ಶೋಗೆ 15 ಸಾವಿರ, ಪ್ರಯಾಣ ಮತ್ತು ಕುರ್ಚಿ ಅವರದು. ಕೊಡಲಾಗದವರ ಹತ್ತಿರ ಕೊನೆಯಲ್ಲಿ ಬಕೆಟ್ ಹಿಡಿಯುತ್ತೇನೆ, ಅದೇ ಕುರ್ಚಿ ತೊಳೆಯುವ ಬಕೆಟ್. ಒಮ್ಮೊಮ್ಮೆ ಅದರಲ್ಲೇ ಜಾಸ್ತಿ ಬೀಳುತ್ತದೆ. ಚೀಟಿ ದುಡ್ಡು ತೀರಿಸಿದೆ. ಆ ಹಿರಿಯರು ನಲವತ್ತನೇ ಶೋಗೋ ಏನೋ ಬಂದಿದ್ದರು. ತಡವಾಗಿ ಬಂದರು. ನಾನು ಬಿಡುತ್ತೇನಾ? ನಕ್ಕರು, ಚೆನ್ನಾಗಿಯೇ ನಕ್ಕರು. ಹೊರಡುವಾಗ "ಸಂಗೀತ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು.

ಪೋಸ್ಟರ್ ಮಾತ್ರ ಒಂದು ತೊಂದರೆ ತಂದಿಟ್ಟಿದೆ. ಅದನ್ನು ಶಾಮಿಯಾನ ಅಂಗಡಿಯ ಕಾರ್ಡಿನ ಥರ ಮಾಡಿಸಿದ್ದೆ. ಹಳದಿ ಕಾಗದ, ಕೆಂಪು ಅಕ್ಷರ, 'ಶುಭ ಅಶುಭ ಕಾರ್ಯಗಳಿಗೆ ಕುರ್ಚಿ ದೊರೆಯುತ್ತದೆ', ಕೆಳಗೆ ನನ್ನ ನಂಬರ್. ಟಿಕೆಟ್‌ಗೆ ಫೋನ್ ಮಾಡಲಿ ಅಂತ. ಹೋದ ತಿಂಗಳು ಬೆಳಗಿನ ಜಾವ ಐದೂವರೆಗೆ ಫೋನ್ ಬಂತು. ಅಪರಿಚಿತ ದನಿ, ಗಂಟಲು ಕಟ್ಟಿತ್ತು. "ಅಣ್ಣಾ, ಮನೇಲಿ ಹೋಗ್ಬಿಟ್ರು. ನೂರು ಕುರ್ಚಿ ಬೇಕಿತ್ತು."

ಇದು ನಾಟಕ ಅಂತ ಹೇಳಬೇಕಿತ್ತು. ಶಾಮಿಯಾನದವರ ನಂಬರ್ ಕೊಡಬೇಕಿತ್ತು. ಆಮೇಲೆ ಎರಡನ್ನೂ ಮಾಡಿದೆ. ಆದರೆ ಮೊದಲು ನಿದ್ದೆಗಣ್ಣಲ್ಲಿ ನನ್ನ ಬಾಯಿಂದ ಬಂದಿದ್ದು, "ನೂರು ಸಾಕಾ?"